ಉಡುಪರು ಕೊಳ್ಳದ ಡೀಪ್ ಫ್ರೀಝರ್

ಅಹಮದಾಬಾದಿನ ವಸ್ತ್ರಾಪುರದ ಸೋಪಾನ ಅಪಾರ್ಟ್‌ಮೆಂಟಿನಲ್ಲಿ ಶಂಕರನಾರಾಯಣ ಉಡುಪರನ್ನು ಎಲ್ಲರೂ ಕರೆಯುವುದು 'ಸೈಂಟಿಸ್ಟ್ ಸಾಹೇಬ್' ಎಂದು. ಉಡುಪರು ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇರುವುದು ನಿಜ. ಆದರೆ ಅವರ ಕುರ್ಚಿ ಇರುವುದು ಸ್ಟೋರ್ಸ್ ವಿಭಾಗದಲ್ಲಿ. ವಿಜ್ಞಾನಿಗಳಿಗೆ ಬೇಕಾದ ಸ್ಕ್ರೂ, ಬಲ್ಬು, ಕೈಗವಸು, ಫಿನಾಯಿಲುಗಳನ್ನು ರುಜು ಹಾಕಿಸಿಕೊಂಡು ಕೊಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷಗಳ ಹಿಂದೆ ಈ ಮನೆಗೆ ಬಂದ ದಿನ ಸೊಸೈಟಿಯ ಸೆಕ್ರೆಟರಿ ಹಸಮುಖಭಾಯಿ "ರಾಕೆಟ್ಟಾ?" ಎಂದು ಕೇಳಿದಾಗ ಉಡುಪರು ಎರಡೂ ಕೈಯಲ್ಲಿ ರುಬ್ಬುವ ಕಲ್ಲು ಹಿಡಿದು ಮೂರನೇ ಮಾಳಿಗೆ ಹತ್ತುತ್ತಿದ್ದರು. ತಿದ್ದುವಷ್ಟು ಉಸಿರಿರಲಿಲ್ಲ, ಬರೇ ನಕ್ಕರು. ಆಮೇಲೆ ತಿದ್ದುವ ಸಂದರ್ಭವೇ ಒದಗಲಿಲ್ಲ. ಇಪ್ಪತ್ತೆರಡು ವರ್ಷ ಒದಗದಿದ್ದರೆ ಅದರಲ್ಲಿ ಉಡುಪರ ತಪ್ಪೇನು?

ಹೀಗಿರುವಾಗ, ಕಳೆದ ಜೂನ್ ತಿಂಗಳ ಒಂದು ಭಾನುವಾರ ಸೊಸೈಟಿಯವರು ಸೈಬರ್ ವಂಚನೆಯ ಬಗ್ಗೆ ಜಾಗೃತಿ ಸಭೆ ಇಟ್ಟುಕೊಂಡರು. ಭಾಷಣಕ್ಕೆ ಯಾರು? ಮನೆಯಲ್ಲೇ ವಿಜ್ಞಾನಿ ಇರುವಾಗ ಹೊರಗಿನಿಂದ ಕರೆಸುವುದುಂಟೇ? ಉಡುಪರು ಮುಕ್ಕಾಲು ಗಂಟೆ ಮಾತಾಡಿದರು. "ಎಚ್ಚರ ಇರುವವನಿಗೆ ಮೋಸ ಆಗುವುದಿಲ್ಲ, ಮೋಸ ಆಗುವುದು ಪೆದ್ದರಿಗೆ ಮಾತ್ರ" ಎಂದು ಮುಗಿಸಿದಾಗ ಮೂವತ್ತೆರಡು ಮನೆಯವರು ಚಪ್ಪಾಳೆ ತಟ್ಟಿದರು. ಹೆಂಡತಿ ಅನುರಾಧಾ ಮಾತ್ರ ಹಿಂದಿನ ಸಾಲಿನಲ್ಲಿ ಕೂತು ಹಣೆ ಚಚ್ಚಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಬುಧವಾರ ಮಧ್ಯಾಹ್ನ ಆಫೀಸಿನಲ್ಲಿ ಮಜ್ಜಿಗೆ ಕುಡಿಯುತ್ತಿದ್ದಾಗ ಉಡುಪರ ಮೊಬೈಲಿಗೆ ಸಂದೇಶ ಬಂತು. ಅವರ ಡೆಬಿಟ್ ಕಾರ್ಡಿನಿಂದ ಸೂರತ್ತಿನ ಉಧ್ನಾದಲ್ಲಿರುವ ಚಮಕ್‌ದಾರ್ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಅರವತ್ತೊಂದು ಸಾವಿರದ ಐನೂರು ರೂಪಾಯಿ ಹೋಗಿದೆ! ಮಜ್ಜಿಗೆ ಗಂಟಲಲ್ಲೇ ನಿಂತಿತು.

ಅದು ಬರೇ ದುಡ್ಡಲ್ಲ. ಮಗಳು ಮಹಿಮಾಳಿಗೆ ವಡೋದರಾದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಫೀಸು ಮತ್ತು ಹಾಸ್ಟೆಲ್ಲಿನ ಹಣ ಕಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಅದಕ್ಕೆಂದೇ ಇಟ್ಟ ಹಣ ಅದು. ಖಾತೆಯಲ್ಲಿ ಇನ್ನು ಉಳಿದದ್ದು ಹಾಲಿನವನಿಗೆ ಸಾಲುವಷ್ಟು.

ಉಡುಪರು ಪರ್ಸು ತೆಗೆದು ನೋಡಿದರು. ಕಾರ್ಡು ಅಲ್ಲೇ ಬೆಚ್ಚಗೆ ಕೂತಿತ್ತು. ಅಬ್ಬ! ಕಾರ್ಡು ಇಲ್ಲಿದ್ದ ಮೇಲೆ ಸೂರತ್ತಿನಲ್ಲಿ ಉಜ್ಜಲು ಹೇಗೆ ಸಾಧ್ಯ? ಅಂಗಡಿಯವರದ್ದೇ ಏನೋ ಗೊಂದಲ. ಆದರೂ ಬ್ಯಾಂಕಿಗೆ ಫೋನು ಮಾಡಿದರು. ಆ ಕಡೆಯ ಹುಡುಗಿ ಕಾರ್ಡು ಬಂದ್ ಮಾಡಿಸಿ, ದೂರು ಬರೆದುಕೊಂಡು, "ಸರ್, ಕಾರ್ಡನ್ನೇ ಮೆಷಿನ್ನಿಗೆ ಹಾಕಿ ಪಿನ್ ಒತ್ತಿದ್ದಾರೆ. ಎಟಿಎಂನಲ್ಲಿ ಅಪರಿಚಿತರು ಯಾರಾದರೂ ಸಹಾಯ ಮಾಡಿದ್ದರೇ?" ಎಂದು ಕೇಳಿದಳು.

"ನನಗೆ? ಸಹಾಯ?" ಉಡುಪರಿಗೆ ಸಿಟ್ಟು ಬಂತು. "ನಾನು ಈ ವಿಷಯದ ಮೇಲೆ ಭಾಷಣ ಮಾಡುವವನು."

ವಿಚಾರಣೆಗೆ ತಿಂಗಳುಗಳೇ ಹಿಡಿಯಬಹುದು, ಅಂಗಡಿಯವರೇ ವ್ಯಾಪಾರ ರದ್ದು ಮಾಡಿದರೆ ಬೇಗ ಆದೀತು ಎಂದಳು ಆ ಹುಡುಗಿ. ಸರಿ, ಚಮಕ್‌ದಾರಿನ ಗ್ರಾಹಕ ಸೇವೆಗೆ ಫೋನು ಹೋಯಿತು. ಇಪ್ಪತ್ತು ನಿಮಿಷ ಕೊಳಲಿನ ಸಂಗೀತ ಕೇಳಿದ ಮೇಲೆ ಒಂದು ಮಧುರ ಧ್ವನಿ ಬಂತು.

"ನಮ್ಮ ಐನೂರು ಲೀಟರಿನ ಡೀಪ್ ಫ್ರೀಝರ್ ಕೊಂಡದ್ದಕ್ಕೆ ಅಭಿನಂದನೆಗಳು ಸರ್!"

"ನಾನು ಕೊಂಡಿಲ್ಲ."

"ಏನು ತೊಂದರೆ ಸರ್? ತಂಪಾಗುತ್ತಿಲ್ಲವೇ?"

"ತಂಪು ಆಗುವುದಕ್ಕೆ ಅದು ನನ್ನ ಹತ್ತಿರ ಇಲ್ಲವಲ್ಲ!"

"ಓಹೋ, ಇನ್ನೂ ಡೆಲಿವರಿ ಆಗಿಲ್ಲ. ತುಂಬ ವಿಷಾದ ಸರ್. ನಿಮ್ಮ ಕಾರ್ಡಿನ ಜತೆ ವಸ್ತ್ರಾಪುರದ ವಿಳಾಸ ಇದೆ, ಎರಡು ವರ್ಷದ ಹಿಂದೆ ಮಿಕ್ಸಿ ಕೊಂಡಿದ್ದೀರಿ. ನಾಳೆಯೇ ಅಲ್ಲಿಗೆ ಕಳಿಸುತ್ತೇನೆ."

"ಬೇಡ! ಕಳಿಸಬೇಡಿ!"

"ಹಾಗಾದರೆ ತಾವೇ ಬಂದು ಒಯ್ಯುತ್ತೀರಾ?"

"ಅಮ್ಮಾ, ಕಳ್ಳ, ಕಳ್ಳ ಕೊಂಡದ್ದು ಅದು!"

"ಸರ್, ಬೇರೆ ಗ್ರಾಹಕರ ವಿಷಯ ನಾವು ಹೇಳುವಂತಿಲ್ಲ. ನಿಮ್ಮದು ಅರ್ಜೆಂಟ್ ಎಂದು ಬರೆದಿದ್ದೇನೆ. ಶುಭ ದಿನ!"

ಫೋನು ಇಟ್ಟ ಮರುಕ್ಷಣ ಸಂದೇಶ: 'ನಿಮ್ಮ ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆ.' ಉಡುಪರು ಮತ್ತೆ ಫೋನು ಮಾಡಿದರು. ಮತ್ತೆ ಇತ್ಯರ್ಥವಾಯಿತು. ಸಂಜೆಯೊಳಗೆ ಐದು ಸಲ ಇತ್ಯರ್ಥವಾಯಿತು. ಒಂದು ದೂರು ಇಷ್ಟು ಸಲ ಇತ್ಯರ್ಥವಾದದ್ದು ಅವರ ಸರಕಾರಿ ನೌಕರಿಯಲ್ಲಿ ಕೂಡ ಕಂಡದ್ದಿಲ್ಲ.

ಮನೆಗೆ ಬಂದು ಬಾಗಿಲು ಹಾಕಿ, ಕಿಟಕಿಯನ್ನೂ ಹಾಕಿ, ಹೆಂಡತಿ ಮಗಳಿಗೆ ವಿಷಯ ಹೇಳಿದರು. ಮಹಿಮಾ ತಕ್ಷಣ ಪೊಲೀಸರ ಸೈಬರ್ ಸಹಾಯವಾಣಿಗೆ ದೂರು ಕೊಟ್ಟಳು. ಅನುರಾಧಾ ಕೇಳಿದರು: "ಹಸಮುಖಭಾಯಿ ಹತ್ತಿರ ನಾಲ್ಕು ದಿನಕ್ಕೆ ಕೈಗಡ ಕೇಳಬಾರದಾ? ಇಲ್ಲ ಅನ್ನುವ ಜನ ಅಲ್ಲ ಅವರು."

"ಕೇಳಿದರೆ ಯಾಕೆ ಅಂತ ಕೇಳ್ತಾರೆ."

"ಕೇಳಿದರೆ ಹೇಳಿ."

"ಭಾನುವಾರ ಪೆದ್ದರು ಅಂದದ್ದು ನೆನಪುಂಟಲ್ಲ ಮಾರಾಯ್ತಿ!"

"ನನಗೆ ಭಾನುವಾರವೇ ಗೊತ್ತಿತ್ತು" ಎಂದು ಅನುರಾಧಾ ಒಳಗೆ ಹೋದರು. ಆ ರಾತ್ರಿ ಉಡುಪರು ನಿದ್ದೆ ಮಾಡಲಿಲ್ಲ. ಮಗಳು ಕಟ್ಟಿಟ್ಟ ಹಾಸ್ಟೆಲ್ಲಿನ ಬ್ಯಾಗು ನಡುಮನೆಯಲ್ಲೇ ಇತ್ತು. ನೀರು ಕುಡಿಯಲು ಎದ್ದಾಗಲೆಲ್ಲ ಅದು ಕಾಲಿಗೆ ತೊಡರಿತು.

ಗುರುವಾರ ಬೆಳಿಗ್ಗೆ ಊರಂಚಿನ ನರೋಡಾದಲ್ಲಿರುವ ಚಮಕ್‌ದಾರಿನ ಗೋದಾಮಿನಿಂದ ಟೆಂಪೋ ಬಂತು. ಅದರಲ್ಲಿ ಆಳೆತ್ತರದ ಪೆಟ್ಟಿಗೆ. ಲಿಫ್ಟಿಗೆ ಹಿಡಿಸಲಿಲ್ಲವೆಂದು ಕೂಲಿಗಳು ಅದನ್ನು ಪಾರ್ಕಿಂಗಿನಲ್ಲಿ, ಸರಿಯಾಗಿ ಹಸಮುಖಭಾಯಿಯ ಸ್ಕೂಟರಿನ ಜಾಗದಲ್ಲಿ ಇಳಿಸಿದರು. ಉಡುಪರು ಬನಿಯನ್ನಿನಲ್ಲೇ ಓಡಿ ಬಂದರು.

"ವಾಪಸು ಒಯ್ಯಿರಿ! ನನಗೆ ಬೇಡ!"

ಟೆಂಪೋದವನು ಶಾಂತನಾಗಿ ಒಂದು ಕಾಗದ ಚಾಚಿದ. "ಬೇಡ ಅಂತಾದರೆ ಇಲ್ಲಿ ರುಜು ಹಾಕಿ ಸಾಹೇಬ್."

ಹಾಕಿದರು. ಟೆಂಪೋ ತಿರುವಿನಲ್ಲಿ ಮರೆಯಾದ ಮೇಲೆ ಕೈಯಲ್ಲುಳಿದ ಪ್ರತಿ ಓದಿದರು: 'ಸರಕು ಸುಸ್ಥಿತಿಯಲ್ಲಿ ತಲುಪಿದೆ.' ಓದದೆ ರುಜು ಹಾಕಬೇಡಿ ಎಂದು ಮೂವತ್ತು ವರ್ಷ ವಿಜ್ಞಾನಿಗಳಿಗೆ ಬುದ್ಧಿ ಹೇಳಿದ ಮನುಷ್ಯ!

ಅಷ್ಟರಲ್ಲಿ ಹಸಮುಖಭಾಯಿ ಸ್ಕೂಟರು ತಳ್ಳಿಕೊಂಡು ಬಂದು ಪೆಟ್ಟಿಗೆಯ ಮುಂದೆ ನಿಂತರು. ಹಿಂದೆ ಅವರ ಹೆಂಡತಿ ಕೋಕಿಲಾಬೆನ್. ಮಾಳಿಗೆಗಳಿಂದ ತಲೆಗಳು ಇಣುಕಿದವು.

"ಸಾಹೇಬ್, ಇಷ್ಟು ದೊಡ್ಡದು ಯಾಕೆ?"

ನಿಜ ಹೇಳಲು ಉಡುಪರು ಬಾಯಿ ತೆರೆದರು. ತೆರೆದ ಬಾಯಿಯಿಂದ ಹೊರಬಿದ್ದದ್ದು "ಪ್ರಯೋಗಕ್ಕೆ" ಎಂಬ ಶಬ್ದ.

"ಯಾವ ಪ್ರಯೋಗ?"

"ಅದು… ಹೇಳುವ ಹಾಗಿಲ್ಲ."

ಹೇಳುವ ಹಾಗಿಲ್ಲದ ಸಂಗತಿಯಷ್ಟು ಬೇಗ ಹಬ್ಬುವುದು ಬೇರೆ ಯಾವುದೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯಲ್ಲಿ ರಾಕೆಟ್ಟಿನ ಇಂಧನವಿತ್ತು. ಮೂರು ಗಂಟೆಗೆ ಅದು ವಿಕಿರಣವಾಯಿತು. ಸಂಜೆ ಯಾರೋ ಬುದ್ಧಿವಂತರು, ಛೇ ಛೇ, ಈ ಮದ್ರಾಸಿ ಕದ್ದುಮುಚ್ಚಿ ಐಸ್‌ಕ್ರೀಮ್ ವ್ಯಾಪಾರ ಶುರು ಮಾಡುತ್ತಿದ್ದಾನೆ ಎಂದರು. ಗುಜರಾತಿಗಳಿಗೆ ಇಂಧನ, ವಿಕಿರಣಗಳಿಗಿಂತ ಇದು ಗಂಭೀರವಾಗಿ ಕಂಡಿತು. ಆರೂವರೆಗೆ ಲಿಫ್ಟಿನ ಬಾಗಿಲಿಗೆ ನೋಟೀಸು ಅಂಟಿತು: ಸೊಸೈಟಿಯಲ್ಲಿ ಸ್ಫೋಟಕ, ವಿಕಿರಣ ಮತ್ತು ಐಸ್‌ಕ್ರೀಮ್ ಮೂರನ್ನೂ ನಿಷೇಧಿಸಲಾಗಿದೆ, ಸಂಬಂಧಪಟ್ಟವರು ಶನಿವಾರದೊಳಗೆ ಪೆಟ್ಟಿಗೆ ತೆಗೆಯತಕ್ಕದ್ದು.

ಗ್ರಾಹಕ ಸೇವೆಯವರನ್ನು ಕೇಳಿದರೆ, ಕೊಂಡ ಅಂಗಡಿಗೇ ಬಿಲ್ಲು ಸಮೇತ ಹೋಗಿ ಹಿಂದಿರುಗಿಸಬೇಕು ಎಂದರು. ಬಿಲ್ಲು ಕಳ್ಳನ ಹತ್ತಿರ! ಉಡುಪರಿಗೆ ರಾತ್ರಿ ಗಂಜಿ ಕೂಡ ಇಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆಯ ರೈಲಿಗೆ ತಂದೆ ಮಗಳು ಸೂರತ್ತಿಗೆ ಹೊರಟರು. ಒಬ್ಬರನ್ನೇ ಕಳಿಸಿದರೆ ಇನ್ನೊಂದು ಫ್ರೀಝರ್ ಹೊತ್ತು ಬಂದಾರು ಎಂದು ಅನುರಾಧಾ ಮಗಳನ್ನು ಜತೆ ಮಾಡಿದ್ದರು. ವಡೋದರಾ ಬಂದಾಗ ಮಹಿಮಾ ಕಿಟಕಿಯಿಂದ ಹೊರಗೆ ನೋಡಿ, "ಅಪ್ಪ, ಕಾಲೇಜ್ ಇಲ್ಲಿಂದ ಹತ್ತೇ ಮಿನಿಟ್ ಉಂಟು" ಎಂದಳು. ಉಡುಪರು ಪೇಪರು ಓದುತ್ತಿರುವವರ ಹಾಗೆ ಮುಖ ಮುಚ್ಚಿಕೊಂಡರು. ಪೇಪರು ಗುಜರಾತಿಯದು, ತಲೆಕೆಳಗಾಗಿತ್ತು.

ಉಧ್ನಾದ ಚಮಕ್‌ದಾರ್ ಅಂಗಡಿ ಮೂರು ಮಹಡಿಯದು. ಕೊಳ್ಳುವವರಿಗೆ ಬಾಗಿಲಲ್ಲೇ ಗುಲಾಬಿ ಹೂವು, ತಂಪು ಶರಬತ್ತು. ದೂರು ಇರುವವರಿಗೆ ಹಿಂಬದಿಯಲ್ಲಿ, ವಾಷಿಂಗ್ ಮೆಷಿನ್ನುಗಳ ಸಂದಿಯಲ್ಲಿ, ಕೆಟ್ಟ ಫ್ಯಾನಿನ ಅಡಿಯಲ್ಲಿ ಒಂದು ಬೆಂಚು. ಕೌಂಟರಿನಲ್ಲಿ ನಿಕಿತಾ ಎಂಬ ಹುಡುಗಿ ಯಾರು ಏನೇ ಹೇಳಿದರೂ "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ" ಎನ್ನುತ್ತಿದ್ದಳು. ಉಡುಪರು ಹೆಸರು ಬರೆಸಿ, ನೀಲಿ ಚೌಕಳಿ ಅಂಗಿಯ ಒಬ್ಬನ ಪಕ್ಕದಲ್ಲಿ ಕೂತರು. ಎಲ್ಲೋ ನೋಡಿದ ಮುಖ. ಸಜ್ಜನನ ಹಾಗೆ ಕಂಡ.

"ನಿಮ್ಮದೇನು ಕತೆ ಅಂಕಲ್?" ಎಂದು ಅವನೇ ಮಾತು ತೆಗೆದ.

"ಡೀಪ್ ಫ್ರೀಝರ್."

"ಅಯ್ಯೋ, ನನ್ನದೂ ಅದೇ! ಬುಧವಾರ ದುಡ್ಡು ಕೊಟ್ಟಿದ್ದೇನೆ, ಇವರು ಇನ್ನೂ ಫ್ರೀಝರ್ ಕೊಟ್ಟಿಲ್ಲ. ಕೇಳಿದರೆ ಡೆಲಿವರಿ ಆಗಿದೆ, ತೃಪ್ತಿಯೇ ಅಂತ ನನ್ನನ್ನೇ ಕೇಳುತ್ತಾರೆ."

"ನನಗೆ ಬೇಡ ಬೇಡ ಅಂದರೂ ತಂದು ಹಾಕಿದ್ದಾರೆ."

"ಬೇಡದಿದ್ದರೆ ನನಗೆ ಕೊಟ್ಟುಬಿಡಿ ಅಂಕಲ್!" ಎಂದ ಅವನು. ಇಬ್ಬರೂ ನಕ್ಕರು. ಬುಧವಾರದಿಂದ ಈಚೆಗೆ ಉಡುಪರು ನಕ್ಕದ್ದು ಅದೇ ಮೊದಲು.

"ಇವರಿಗೆ ಪ್ರಾಮಾಣಿಕತೆ ಅನ್ನುವುದೇ ಇಲ್ಲ" ಎಂದು ಅವನು ನಿಟ್ಟುಸಿರಿಟ್ಟ.

"ಕಾಲವೇ ಹಾಗಾಗಿದೆ" ಎಂದರು ಉಡುಪರು. ಅವನು ತನ್ನ ಬಾಟಲಿಯಿಂದ ಅವರಿಗೆ ನೀರು ಕೊಟ್ಟ. ಅವರು ಅವನಿಗೆ ಅನುರಾಧಾ ಕಟ್ಟಿಕೊಟ್ಟ ಕೋಡುಬಳೆ ಕೊಟ್ಟರು.

ಆಗ ನಿಕಿತಾ ಪಟ್ಟಿ ನೋಡಿ ಕೂಗಿದಳು: "ಐನೂರು ಲೀಟರ್ ಡೀಪ್ ಫ್ರೀಝರ್, ಶಂಕರ್ ನಾರಾಯಣ್ ಉಡುಪ!"

"ನಾನೇ" ಎಂದು ಉಡುಪರು ಎದ್ದರು.

"ನಾನೇ" ಎಂದು ಚೌಕಳಿ ಅಂಗಿಯವನೂ ಎದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಉಡುಪರ ತಲೆಯಲ್ಲಿ ಮೊದಲು ಬಂದದ್ದು, ಎಂಥ ಆಶ್ಚರ್ಯ, ಸೂರತ್ತಿನಲ್ಲಿ ಇನ್ನೊಬ್ಬರು ಉಡುಪರು, ಯಾವ ಕಡೆಯವರೋ ಕೇಳಬೇಕು ಎಂದು. ಅವನ ಮುಖದಿಂದ ಮಾತ್ರ ಬಣ್ಣ ಇಳಿಯಿತು. ಆದರೆ ಕಸುಬಿನಲ್ಲಿ ಪಳಗಿದವನು, ತಕ್ಷಣ ಕೌಂಟರಿನ ಮೇಲೆ ಬಿಲ್ಲು ಇಟ್ಟ, ಬಿಲ್ಲಿನ ಮೇಲೆ ಕಾರ್ಡು ಇಟ್ಟ. ಕಾರ್ಡಿನ ಮೇಲೆ ಉಡುಪರ ಪೂರ್ತಿ ಹೆಸರು ಹೊಳೆಯುತ್ತಿತ್ತು.

"ಸುಳ್ಳು!" ಎಂದು ಉಡುಪರು ಕಿರುಚಿದರು. "ನನ್ನ ಕಾರ್ಡು ನನ್ನ ಹತ್ತಿರವೇ ಉಂಟು! ನೋಡಿ!" ಎಂದು ಪರ್ಸಿನಿಂದ ಕಾರ್ಡು ತೆಗೆದು ಮೇಜಿಗೆ ಬಡಿದರು.

ನಿಕಿತಾ ಅದನ್ನು ಎತ್ತಿ ಓದಿದಳು. ಉಡುಪರನ್ನು ನೋಡಿದಳು. ಮತ್ತೆ ಓದಿದಳು.

"ಸರ್, ನೀವು ಪ್ರೇಮಾ ಎಂ. ಪಟೇಲರೇ?"

ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ಉಡುಪರು ಇಣುಕಿ ನೋಡಿದರು. ಹೌದು, ಅದೇ ಬ್ಯಾಂಕು, ಅದೇ ಬಣ್ಣ, ಹೆಸರು ಮಾತ್ರ ಪ್ರೇಮಾ ಎಂ. ಪಟೇಲ್. ಕಾರ್ಡಿನ ಮೇಲಿನ ತಮ್ಮ ಹೆಸರನ್ನು ಓದಿ ನೋಡುವವರು ಯಾರು? ಈಗ ಅವರ ನೆನಪಿನಲ್ಲಿ ಮಂಗಳವಾರ ಸಂಜೆ ಮಿಂಚಿತು. ವಸ್ತ್ರಾಪುರದ ಎಟಿಎಂ, ಸಿಕ್ಕಿಕೊಂಡ ಕಾರ್ಡು, "ಇರಿ ಅಂಕಲ್, ಪಿನ್ ಇನ್ನೊಮ್ಮೆ ಒತ್ತಿ" ಎಂದು ಕಾರ್ಡು ಬಿಡಿಸಿ ಕೊಟ್ಟ ಒಬ್ಬ ಒಳ್ಳೆಯ ಮನುಷ್ಯ. ಅಂಥವನು ಅಪರಿಚಿತರ ಲೆಕ್ಕಕ್ಕೆ ಸೇರುತ್ತಾನೆಂದು ಅವರಿಗೆ ಹೊಳೆದೇ ಇರಲಿಲ್ಲ.

"ಇವನೇ! ಇವನೇ ನನಗೆ ಸಹಾಯ ಮಾಡಿದ್ದು!" ಎಂದು ಕೂಗಿದರು. ಗಾಬರಿಯಲ್ಲಿ ಇದಕ್ಕಿಂತ ಕೆಟ್ಟ ವಾಕ್ಯ ಅವರಿಗೆ ಸಿಗುತ್ತಿರಲಿಲ್ಲ.

ಅಂಗಡಿಯ ಗಾರ್ಡು ಬಂದು ಉಡುಪರ ರಟ್ಟೆ ಹಿಡಿದ. ಹೆಂಗಸಿನ ಕಾರ್ಡು ಇಟ್ಟುಕೊಂಡು ತಿರುಗುವ ಗಂಡಸು, ಬಿಲ್ಲೂ ಇಲ್ಲ. ಗುರುತಿನ ಚೀಟಿ ಎಲ್ಲಿ ಎಂದ. ಆಧಾರ್ ಮನೆಯಲ್ಲಿತ್ತು. ಹೋದಲ್ಲೆಲ್ಲ ಆಧಾರ್ ಒಯ್ಯಬಾರದು ಎಂದು ಭಾನುವಾರ ಅವರೇ ಹೇಳಿದ್ದರು. ಫೀಸು ಹೋಯಿತು, ಮಾನ ಹೋಯಿತು, ಈಗ ಸೂರತ್ತಿನ ಜೈಲು.

ಆಗ ಮಹಿಮಾ ಚೌಕಳಿ ಅಂಗಿಯವನ ಎದುರು ಬಂದು ನಿಂತಳು. ಮನೆಯಲ್ಲಿ ಕನ್ನಡ ಮಾತಾಡು ಎಂದರೆ ಹಿಂದಿಯಲ್ಲಿ ಉತ್ತರಿಸುವ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ಎಲ್ಲರೆದುರು ಕನ್ನಡದಲ್ಲಿ ಕೇಳಿದಳು:

"ನೀನು ಉಡುಪ ಇದ್ರೆ ಹೇಳು, ನಿಂದು ಅಮ್ಮಂದು ಊರು ಯಾವ್ದು ಉಂಟು?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಸ್ವಲ್ಪ ಯೋಚಿಸಿದ. ಆಮೇಲೆ ಆತ್ಮವಿಶ್ವಾಸದಿಂದ, "ಇಡ್ಲಿ ಸಾಂಬಾರ್" ಎಂದ.

"ನೋಡಿ, ಮಾತಾಡಿದನಲ್ಲ!" ಎಂದ ಗಾರ್ಡು.

ಮಹಿಮಾ ನಿಕಿತಾಳ ಕಡೆ ತಿರುಗಿದಳು. "ದೀದಿ, ಕಂಪ್ಯೂಟರಿನಲ್ಲಿ ಕಸ್ಟಮರ್ ನಂಬರ್ ಇದೆಯಲ್ಲ? ಒಂದು ಸಲ ಫೋನು ಮಾಡಿ. ಯಾರ ಜೇಬಿನಲ್ಲಿ ರಿಂಗಾಗುತ್ತದೆ ನೋಡೋಣ."

ನಿಕಿತಾ ಎರಡು ವರ್ಷದಿಂದ ಆ ಕೌಂಟರಿನಲ್ಲಿದ್ದವಳು, ತಾನಾಗಿ ಗ್ರಾಹಕರಿಗೆ ಫೋನು ಮಾಡಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಳುಕುತ್ತ ನಂಬರು ಒತ್ತಿದಳು. ಉಡುಪರ ಜೇಬಿನಲ್ಲಿ ಗಂಟೆ, ಶಂಖ, ಜಾಗಟೆ ಸಮೇತ ಮಂಗಳಾರತಿ ಮೊಳಗಿತು.

ಚೌಕಳಿ ಅಂಗಿಯವನು ಬಿಲ್ಲು ಕಸಿದುಕೊಂಡು ಓಡಿದ. ವಾಷಿಂಗ್ ಮೆಷಿನ್ನುಗಳನ್ನು ದಾಟಿದ, ಟಿವಿಗಳನ್ನು ದಾಟಿದ, ಬಾಗಿಲಿಗೆ ತಲುಪಿಯೇ ಬಿಟ್ಟ. ಅಲ್ಲಿದ್ದ ಮುದಿ ಗಾರ್ಡಿಗೆ ಒಳಗಿನ ರಂಪ ಏನೂ ಗೊತ್ತಿಲ್ಲ. ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದು, "ಬಿಲ್ಲು ತೋರಿಸಿ ಹೋಗಿ" ಎಂದ. ಕಳ್ಳನೂ ಅಭ್ಯಾಸಬಲದಿಂದ ನಿಂತು ಬಿಲ್ಲು ತೋರಿಸಿದ. ಮುದುಕ ಕನ್ನಡಕ ಹುಡುಕಿ, ಹಾಕಿಕೊಂಡು, ಬಿಲ್ಲಿಗೆ ತೂತು ಹೊಡೆಯುವಷ್ಟರಲ್ಲಿ ಹಿಂದಿನಿಂದ ಆರು ಜನ ಅವನ ಮೇಲೆ ಬಿದ್ದರು.

ಪೊಲೀಸು ಠಾಣೆಯಲ್ಲಿ ಅವನ ಹೆಸರು ರಾಕೇಶ್ ಎಂದು ಗೊತ್ತಾಯಿತು. ಚೀಲದಲ್ಲಿ ಇನ್ನೂ ಹನ್ನೊಂದು ಕಾರ್ಡುಗಳು ಸಿಕ್ಕಿದವು. ಫ್ರೀಝರ್ ಕೊಡಿಸುತ್ತೇನೆಂದು ಒಬ್ಬ ಕುಲ್ಫಿಯವನಿಂದ ಅಡ್ವಾನ್ಸು ತೆಗೆದುಕೊಂಡಿದ್ದನಂತೆ, ಕುಲ್ಫಿಯವನು ದಿನಾ ಮನೆಗೆ ಬಂದು ಕೂರುತ್ತಿದ್ದನಂತೆ. "ಸಾಹೇಬ್, ಆ ಗ್ರಾಹಕ ಸೇವೆಯವರ ಮೇಲೂ ಒಂದು ಕೇಸು ಹಾಕಿ" ಎಂದು ಅವನು ಕಣ್ಣೀರು ಹಾಕಿದಾಗ ಉಡುಪರಿಗೂ ಹೌದೆನಿಸಿತು.

ಇನ್‌ಸ್ಪೆಕ್ಟರು ಹೇಳಿಕೆ ಬರೆದುಕೊಳ್ಳುತ್ತ, ಸಂಸ್ಥೆಯ ಹೆಸರು ಕೇಳಿ ಪೆನ್ನು ಎತ್ತಿ ಗೌರವದಿಂದ ನೋಡಿದರು. "ಅಂದರೆ, ಸೈಂಟಿಸ್ಟಾ?"

ಉಡುಪರು ಮಗಳ ಮುಖ ನೋಡಿದರು. "ಅಲ್ಲ ಸಾರ್. ಸ್ಟೋರ್ ಕೀಪರ್."

ಹೇಳಿಕೆಗೆ ರುಜು ಹಾಕುವ ಮುಂಚೆ ಮೂರು ಸಲ ಓದಿದರು.

ಅಂಗಡಿಯ ಮ್ಯಾನೇಜರು ಠಾಣೆಗೇ ಬಂದು ಕೈಮುಗಿದು, ಪೆಟ್ಟಿಗೆ ವಾಪಸು ತರಿಸಿ ಹಣ ಹಿಂದಿರುಗಿಸುವುದಾಗಿ ಬರೆದುಕೊಟ್ಟ. ಆದರೆ ಹಣ ಖಾತೆಗೆ ಬರಲು ಏಳು ಕೆಲಸದ ದಿನ. ಫೀಸಿಗೆ ಉಳಿದದ್ದು ಒಂದು ರಾತ್ರಿ, ಅರ್ಧ ದಿನ.

ಸಂಜೆ ಆರಕ್ಕೆ ಸೂರತ್ ಸ್ಟೇಷನ್ನಿನ ಬೆಂಚಿನಲ್ಲಿ ಮಹಿಮಾ ಕೂತಿದ್ದಳು. ಉಡುಪರು ಫೋನು ಕೈಯಲ್ಲಿ ಹಿಡಿದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದರು. ಐದನೇ ಸಲ ಹಸಮುಖಭಾಯಿಗೆ ಫೋನು ಮಾಡಿ, ಉಸಿರು ಬಿಡದೆ ಎಲ್ಲ ಹೇಳಿದರು. ಎಟಿಎಂ, ಕಾರ್ಡು, ಪ್ರೇಮಾ ಪಟೇಲ್, ಫೀಸು. ತಾವು ವಿಜ್ಞಾನಿಯಲ್ಲ, ಫಿನಾಯಿಲ್ ಕೊಡುವವ ಎಂಬುದನ್ನೂ ಹೇಳಿದರು. ಮೋಸ ಹೋದ ಪೆದ್ದ ನಾನೇ ಎಂದು ಮುಗಿಸಿದರು.



"ಸಾಹೇಬ್," ಎಂದರು ಹಸಮುಖಭಾಯಿ, "ನೀವು ಪೆದ್ದರಾದರೆ ನಾನು ಯಾರು? ಹೋದ ದೀಪಾವಳಿಗೆ ಕರೆಂಟ್ ಬಿಲ್ಲು ಬಾಕಿ ಅಂತ ಮೆಸೇಜ್ ಬಂತು, ಒತ್ತಿದೆ. ಎಂಬತ್ತು ಸಾವಿರ ಹೋಯಿತು. ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ. ಭಾನುವಾರ ನಿಮ್ಮ ಭಾಷಣ ಕೇಳುವಾಗ ನೆಲ ಬಾಯಿ ಬಿಡಬಾರದೇ ಅನಿಸಿತು. ಮಗುವಿನ ಫೀಸಿನ ಚಿಂತೆ ಬಿಡಿ, ನಾನಿದ್ದೇನೆ. ಒಂದೇ ಮಾತು, ಈ ಎಂಬತ್ತು ಸಾವಿರದ ವಿಷಯ ಕೋಕಿಲಾಗೆ ಮಾತ್ರ—"

ಹಸಮುಖಭಾಯಿ ಆಗ ಪಾರ್ಕಿಂಗಿನಲ್ಲಿ, ಪೆಟ್ಟಿಗೆಯ ಸುತ್ತ ಸೇರಿದ್ದ ಸೊಸೈಟಿಯ ಕಮಿಟಿಯ ನಡುವೆ ನಿಂತಿದ್ದರು. ಪೆಟ್ಟಿಗೆಯ ಬಗ್ಗೆ ಸೈಂಟಿಸ್ಟ್ ಸಾಹೇಬರ ಉತ್ತರ ಎಲ್ಲರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದ್ದರು. ತಾವೂ ಎಲ್ಲರ ನಡುವೆಯೇ ಮಾತಾಡುತ್ತಿದ್ದೇವೆಂಬುದು ದುಃಖದ ಭರದಲ್ಲಿ ಮರೆತಿತ್ತು.

"ಎಂಬತ್ತು ಸಾವಿರ?" ಎಂಬ ಹೆಂಗಸಿನ ಧ್ವನಿಯೊಂದು ಉಡುಪರ ಕಿವಿಗೆ ಬಿತ್ತು. ಮರುಕ್ಷಣ ಫೋನು ಕಟ್ಟಾಯಿತು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ವಡೋದರಾದ ಕಾಲೇಜಿಗೆ ಮಹಿಮಾಳ ಫೀಸು ಪೂರ್ತಿ ಸಂದಾಯವಾಯಿತು. ಕಳಿಸಿದವರು ಕೋಕಿಲಾಬೆನ್. ಹಸಮುಖಭಾಯಿಯ ಕಾರ್ಡು, ಫೋನು, ಸ್ಕೂಟರಿನ ಬೀಗದ ಕೈ, ಎಲ್ಲವೂ ಹಿಂದಿನ ಸಂಜೆಯಿಂದ ಅವರ ಸೆರಗಿನ ಗಂಟಿನಲ್ಲೇ ಇದ್ದವು.